ಮನೆಗೊಬ್ಬ ಬಹುವಚನ

ನಮ್ಮ ಮನೆಯಲ್ಲಿ ಬಹುವಚನ ಇರುವುದು ನನಗೊಬ್ಬನಿಗೇ. ನನ್ನ ಹೆಂಡತಿ ಮದುವೆಗೆ ಮುಂಚೆಯೇ ನನ್ನನ್ನು ಏಕವಚನಕ್ಕೆ ಇಳಿಸಿದ್ದಳು. ತೊಂದರೆ ಅವಳ ಮಗಳದ್ದು. ಮಗಳು ತಾಯಿಯನ್ನು "ನೀನು" ಅನ್ನುತ್ತಾಳೆ, ಬೆಕ್ಕನ್ನು "ನೀನು" ಅನ್ನುತ್ತಾಳೆ, ಸೋರುವ ನಲ್ಲಿಯನ್ನೂ "ನಿನಗೇನಾಯ್ತೇ" ಎಂದು ಸಲಿಗೆಯಿಂದ ವಿಚಾರಿಸುತ್ತಾಳೆ. ನನಗೆ ಮಾತ್ರ "ನೀವು ಊಟ ಮಾಡಿದ್ರಾ", "ನೀವು ಕೂತ್ಕೊಳ್ಳಿ". ನಾನು ಈ ಮನೆಗೆ ಬಂದಾಗ ಅವಳಿಗೆ ಹದಿನಾರು, ಈಗ ಇಪ್ಪತ್ತೆರಡು. ಆರು ವರ್ಷದಲ್ಲಿ ಮನೆಯ ಚಾಪೆ, ಚಪ್ಪಲಿ ಎಲ್ಲ ಸವೆದವು, ಆ ಮರ್ಯಾದೆಯೊಂದು ಸವೆಯಲಿಲ್ಲ.

ಅಪ್ಪ ಎಂದು ಕರೆಯಲಿ ಎಂಬ ಆಸೆ ನನಗಿಲ್ಲ. ಆ ಜಾಗಕ್ಕೆ ಒಬ್ಬರಿದ್ದರು, ಒಳ್ಳೆಯವರು. ಅವರ ಫೋಟೋ ಹಜಾರದಲ್ಲಿದೆ, ಅದರ ಧೂಳು ಒರೆಸುವವನು ನಾನೇ. ನನಗೆ ಬೇಕಾದದ್ದು ಒಂದೇ ಒಂದು "ನೀನು". ಒಮ್ಮೆ ನಾಚಿಕೆ ಬಿಟ್ಟು ಕೇಳಿಯೂ ನೋಡಿದೆ. "ಅಯ್ಯೋ, ಅದಕ್ಕೇನಂತೆ, ಇನ್ಮೇಲೆ ಹಾಗೇ ಕರೀತೀನಿ ಬಿಡಿ" ಅಂದಳು. ಆ "ಬಿಡಿ"ಯಲ್ಲೇ ನನ್ನ ಅರ್ಜಿ ವಜಾ ಆಯಿತು.

ಹುಡುಗಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಭಾನುವಾರ ಬಂತೆಂದರೆ ಬ್ರೆಡ್ ಮಾಡುತ್ತಾಳೆ. ಅದಕ್ಕೆ ಅವಳ ಬಳಿ ಒಂದು ಸ್ಟ್ಯಾಂಡ್ ಮಿಕ್ಸರ್ ಇದೆ. ಕೆಳಗೆ ಸ್ಟೀಲಿನ ಬಟ್ಟಲು, ಮೇಲೆ ಮೋಟರ್ ತುಂಬಿದ ಭಾರದ ತಲೆ. ತಲೆಯಿಂದ ಇಳಿದ ಕೊಕ್ಕೆ ಗಿರಗಿರ ಸುತ್ತುತ್ತ ಹಿಟ್ಟು ನಾದುತ್ತದೆ. ಹದಿನೈದು ದಿನದ ಹಿಂದೆ ಗಟ್ಟಿ ಹಿಟ್ಟಿನ ನಡುವೆ ಅದು ಕಟಕಟ ಎಂದಿತು. ಆಮೇಲೆ ಮೋಟರ್ ಗುಂಯ್ ಎನ್ನುತ್ತಲೇ ಇತ್ತು, ಕೊಕ್ಕೆ ಮಾತ್ರ ಅಲ್ಲಾಡಲಿಲ್ಲ. ಅವಳು ಅಂದೇ ಪ್ಲಗ್ ಕಿತ್ತು ತಲೆ ಬಿಚ್ಚಿದಳು. ಒಳಗೆ ನೈಲಾನಿನ ಒಂದು ಪುಟ್ಟ ಗೇರು, ಒಂದು ಬದಿಯ ಹಲ್ಲುಗಳೆಲ್ಲ ಉದುರಿ ಬೋಳಾಗಿತ್ತು.

ಹಲ್ಲು ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಹಲ್ಲಿನ ಡಾಕ್ಟರುಗಳು ಅಳತೆ ತೆಗೆದು ಕಳಿಸುತ್ತಾರೆ, ನಾನು ಹಲ್ಲುಸೆಟ್ಟು ಮಾಡಿಕೊಡುತ್ತೇನೆ. ಮೂವತ್ತು ವರ್ಷದಿಂದ ಇದೇ ನನ್ನ ಕಸುಬು. ಅವಳು ಹೊಸ ಗೇರಿಗೆ ಆರ್ಡರ್ ಮಾಡಿದ್ದಳು. ನಾನು ತುಟಿ ಪಿಟಕ್ಕೆನ್ನದೆ ಹಳೆಯದನ್ನು ಜೇಬಿಗೆ ಹಾಕಿಕೊಂಡು ಪೇಟೆಯಲ್ಲಿರುವ ನನ್ನ ಕೆಲಸದ ಕೋಣೆಗೆ ಒಯ್ದೆ. ಉದುರಿದ ಹಲ್ಲುಗಳನ್ನು ಮೇಣದಲ್ಲಿ ಕಟ್ಟಿ, ಅಚ್ಚು ಮಾಡಿ, ಹಲ್ಲುಸೆಟ್ಟಿನ ಚೌಕಟ್ಟಿಗೆ ಬಳಸುವ ಗಟ್ಟಿ ಲೋಹವನ್ನೇ ಎರಕ ಹೊಯ್ದೆ. ಎರಡು ದಿನ ಉಜ್ಜಿ ಪಾಲಿಶ್ ಮಾಡಿದ ಮೇಲೆ ಅದು ಥಳಥಳ ಹೊಳೆಯಿತು. ಹಳೆಯದನ್ನು ಇದ್ದ ಜಾಗದಲ್ಲೇ ಇಟ್ಟೆ. ಇಂಥ ಗೇರು ಮಾಡಿಕೊಟ್ಟವನನ್ನು ಯಾರು ತಾನೇ ಇನ್ನೂ ನೆಂಟನ ಹಾಗೆ ನೋಡುತ್ತಾರೆ ಎಂದುಕೊಂಡೆ.

ಅಂಚೆಯಲ್ಲಿ ಅವಳ ಗೇರೂ ಬಂತು. ಭಾನುವಾರ ಬೆಳಿಗ್ಗೆ ಅಡುಗೆಮನೆಯ ಮೇಜಿಗೆ ಹಳೆಯ ಪೇಪರ್ ಹಾಸಿ, ಕನ್ನಡಕದ ಅಂಗಡಿಯ ಸಣ್ಣ ಸ್ಕ್ರೂಡ್ರೈವರುಗಳನ್ನು ಸಾಲಾಗಿ ಜೋಡಿಸಿ ಕೂತಳು. ನಾನು ಕರೆಯದೇ ಹೋಗಿ ಪಕ್ಕದ ಕುರ್ಚಿ ಎಳೆದುಕೊಂಡೆ.

"ನೀವು ಯಾಕೆ ಸುಮ್ನೆ ಕೈ ಗಲೀಜು ಮಾಡ್ಕೊಳ್ತೀರಾ? ಪೇಪರ್ ಓದಿ" ಅಂದಳು.

"ಪೇಪರೆಲ್ಲ ನೀನೇ ಮೇಜಿಗೆ ಹಾಸಿದ್ದೀಯಲ್ಲ" ಅಂದೆ. ನಕ್ಕಳು, ಆದರೆ ಮರ್ಯಾದೆಗೆ ನಕ್ಕಳು.

ಹಳೆಯ ಗ್ರೀಸಿನಲ್ಲಿ ಮುರಿದ ಹಲ್ಲಿನ ಚೂರುಗಳು ಹೂತುಹೋಗಿದ್ದವು. ಹಲ್ಲಿನ ಸಂದಿ ಕೆರೆಯುವ ನನ್ನ ಕಡ್ಡಿಯಲ್ಲಿ ಒಂದೊಂದನ್ನೇ ಹೆಕ್ಕಿ ತೆಗೆದೆ, ಅವಳು ಬಟ್ಟೆಯಿಂದ ಒರೆಸಿದಳು. ಗೇರಿನ ಪೆಟ್ಟಿಗೆ ಶುದ್ಧವಾಯಿತು. ಅವಳು ಹೊಸ ಗೇರಿನ ಪೊಟ್ಟಣಕ್ಕೆ ಕೈ ಹಾಕುವಷ್ಟರಲ್ಲಿ ನಾನು ಜೇಬಿನಿಂದ ನನ್ನದನ್ನು ತೆಗೆದು ಮುಂದಿಟ್ಟೆ.

ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. "ತುಂಬಾ ಚೆನ್ನಾಗಿದೆ. ಎಷ್ಟು ಕಷ್ಟಪಟ್ಟಿದ್ದೀರಾ. ಆದ್ರೆ ಇದನ್ನ ಹಾಕೋಕಾಗಲ್ಲ."

"ಯಾಕಂತೆ?"

"ಇದು ಮುರಿಯಲ್ಲ, ಅದಕ್ಕೆ."

"ಮುರೀದಿರೋ ಹಾಗೆ ಮಾಡೋದೇ ನನ್ನ ಕೆಲಸ."

"ಹಿಟ್ಟು ಅತಿ ಗಟ್ಟಿಯಾದಾಗ ಒಳಗೆ ಯಾವುದಾದ್ರೂ ಒಂದು ಸೋಲಬೇಕು. ಗೇರು ಸೋತರೆ ಮೋಟರ್ ಉಳಿಯುತ್ತೆ. ಇದು ಹಠ ಹಿಡಿದು ನಿಂತರೆ ಮೋಟರೇ ಸುಟ್ಟುಹೋಗುತ್ತೆ. ಮುರೀಲಿ ಅಂತಾನೇ ಅದನ್ನ ಮೆತ್ತಗೆ ಮಾಡಿರೋದು. ಬೇಜಾರು ಮಾಡ್ಕೋಬೇಡಿ."

ಆ "ಮಾಡ್ಕೋಬೇಡಿ" ಕೇಳಿ ನನ್ನ ಪಿತ್ತ ನೆತ್ತಿಗೇರಿತು. ನಾನು ಸ್ವಭಾವತಃ ಮುಂಗೋಪಿ. ನನ್ನ ಕೆಲಸದ ಕೋಣೆಯ ಗೋಡೆಗಳಿಗೆ ಅದು ಗೊತ್ತು, ಈ ಮನೆಯ ಗೋಡೆಗಳಿಗೆ ಗೊತ್ತಿರಲಿಲ್ಲ. ಆರು ವರ್ಷ ಇಲ್ಲಿ ದನಿ ಏರಿಸಿದವನಲ್ಲ. ಬಡಿಸಿದ್ದೆಲ್ಲ ಅದ್ಭುತ, ಹೇಳಿದ್ದೆಲ್ಲ ಸರಿ ಎಂದು ಹಲ್ಲು ಕಿರಿದುಕೊಂಡೇ ಇದ್ದವನು.

"ನಿನಗೇನೇ ಗೊತ್ತು ಹಲ್ಲಿನ ವಿಷಯ? ನೀನು ಹುಟ್ಟೋಕೆ ಮುಂಚಿನಿಂದ ಹಲ್ಲು ಕಟ್ತಾ ಇದ್ದೀನಿ ನಾನು."

ಅವಳು ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಕುಕ್ಕಿದಳು. "ಬಾಯೊಳಗೆ ಹಲ್ಲು ಕಟ್ಟಿರಬಹುದು ನೀನು. ಇದು ಮಿಕ್ಸರ್. ಹೇಳದೆ ಕೇಳದೆ ಎತ್ಕೊಂಡು ಹೋಗಿದ್ದಲ್ದೆ ನನ್ನ ಮೇಲೇ ಕೂಗಾಡ್ತೀಯಲ್ಲ. ಒಂದು ಮಾತು ಕೇಳಿದ್ರೆ ನಿನಗೆ ಹೇಳ್ತಿರಲಿಲ್ವಾ ನಾನು?"

ಪಾತ್ರೆ ತೊಳೆಯುತ್ತಿದ್ದ ನನ್ನ ಹೆಂಡತಿಯ ಕೈ ನಿಂತಿತು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ಕಟ್ಟಿರಬಹುದು ನೀನು, ಕೂಗಾಡ್ತೀಯ, ನಿನಗೆ. ಒಂದು ಕೇಳಿದವನಿಗೆ ಮೂರು ಸಿಕ್ಕಿದ್ದವು. ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಈಗ ನಕ್ಕರೆ ಇವಳಿಗೆ ಎಚ್ಚರವಾಗಿ ಮತ್ತೆ ಬಹುವಚನಕ್ಕೆ ಏರಿಸಿಬಿಡುತ್ತಾಳೆಂದು ಮುಖ ಗಂಟಿಕ್ಕಿಕೊಂಡೇ ಕೂತೆ.

"ಸರಿ, ನಿನ್ನದನ್ನೇ ಹಾಕು" ಅಂದೆ.

ಅವಳ ಗೇರು ಒಳಗೆ ಕೂತಿತು. ಹೊಸ ಗ್ರೀಸನ್ನು ಬೆರಳಿನಲ್ಲಿ ಹಲ್ಲುಹಲ್ಲಿಗೂ ಮೆತ್ತಿದೆವು. ಮುಚ್ಚಳ ಕೂರಿಸಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದಳು. ಕೊಕ್ಕೆಯ ಕಂಬಿಗೆ ಪಿನ್ ಹೊಡೆಯುವಾಗ ಮಿಕ್ಸರಿನ ತಲೆಯನ್ನು ನಾನು ತಬ್ಬಿ ಹಿಡಿದೆ. ಪ್ಲಗ್ ಹಾಕಿದಳು. ಕೊಕ್ಕೆ ತಿರುಗಿತು, ಸದ್ದು ಮೆತ್ತಗಿತ್ತು. ಅವಳ ಮುಖ ಅರಳಿತು.

"ಸೋಪು ಅಲ್ಲಿದೆ, ಕೈ ತೊಳ್ಕೊಳ್ಳಿ" ಅಂದಳು.

ಮತ್ತೆ ಬಹುವಚನ. ಗ್ರೀಸು ಹೋಗುವವರೆಗೆ, ಹೋದ ಮೇಲೂ, ಕೈ ತೊಳೆಯುತ್ತಲೇ ನಿಂತೆ. ಜಗಳದಲ್ಲಿ ಸಿಕ್ಕಿದ್ದು ಜಗಳದ ಜೊತೆಗೇ ಹೋಯಿತು ಎಂದು ಸಂಕಟವಾಯಿತು. ಅದಕ್ಕಾಗಿ ದಿನಾ ಕಾಲು ಕೆರೆದು ಜಗಳಕ್ಕೆ ಹೋಗಲಾಗುತ್ತದೆಯೇ?

ಮಧ್ಯಾಹ್ನ ಬ್ರೆಡ್ ಮೇಜಿಗೆ ಬಂತು. ಮೊದಲ ತುಂಡು ಯಾವಾಗಲೂ ನನಗೆ, ಅದೂ ಒಂದು ಮರ್ಯಾದೆ. ಕಚ್ಚಿದೆ. ಬಾಯಿ ಅಭ್ಯಾಸದಂತೆ "ಅದ್ಭುತ" ಎನ್ನಲು ಹೊರಟಿತ್ತು. ಅವಳಾಗಲೇ "ಥ್ಯಾಂಕ್ಸ್" ಎನ್ನಲು ಮುಖ ಸಿದ್ಧಮಾಡಿಕೊಂಡಿದ್ದಳು. ಅದನ್ನು ನೋಡಿ ನನಗೇ ಬೇಸರ ಬಂತು.

"ಉಪ್ಪು ಹಾಕೋದು ಮರೆತಿದ್ದೀಯ" ಅಂದೆ.

ಅವಳು ಒಂದು ಚೂರು ಮುರಿದು ಅಗಿದಳು. "ಹೌದು." ಇನ್ನೂ ಸ್ವಲ್ಪ ಅಗಿದು ಕೇಳಿದಳು, "ಹೋದ ಸಲದ್ದು ಹೇಗಿತ್ತು?"

"ಒಳಗೆ ಹಸಿಯಾಗಿತ್ತು."

"ನನ್ನ ಮೊದಲನೇ ಕೇಕು?"

"ಕೊಯ್ಯೋಕೆ ಹೋಗಿ ಚಾಕು ಬಾಗಿತ್ತು. ನಿನಗೆ ಕಾಣದ ಹಾಗೆ ನೆಟ್ಟಗೆ ಮಾಡಿಟ್ಟೆ."

ನನ್ನ ಹೆಂಡತಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗತೊಡಗಿದಳು. ಹುಡುಗಿ ನಗಲಿಲ್ಲ. ನನ್ನನ್ನೇ ದುರುಗುಟ್ಟಿ ನೋಡಿದಳು.

"ಅಂದ್ರೆ ಆರು ವರ್ಷ ನನಗೆ ಸುಳ್ಳು ಹೇಳ್ಕೊಂಡೇ ತಿಂದಿದ್ದೀಯಾ ನೀನು?"

"ಸುಳ್ಳಲ್ಲ, ಮರ್ಯಾದೆಗೆ ಹೇಳಿದ್ದು."

"ಯಾರಿಗೆ ಬೇಕಿತ್ತು ನಿನ್ನ ಮರ್ಯಾದೆ" ಅಂದಳು. ಸಿಟ್ಟಿನಿಂದಲ್ಲ, ನಿಜವಾಗಿ ನೊಂದು ಹೇಳಿದಳು.

ಅವಳಿಗೆ ನಾನು ಹೇಳಬೇಕೆಂದು ಆರು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಮಾತೂ ಅದೇ. ಅವಳೇ ಹೇಳಿದ್ದು ಒಳ್ಳೆಯದಾಯಿತು. ನಾನು ತಪ್ಪಾಯಿತು ಎಂದೆ, ಬ್ರೆಡ್ಡಿನ ಮೇಲೆ ಉಪ್ಪು ಉದುರಿಸಿಕೊಂಡು ಇನ್ನೊಂದು ತುಂಡು ತಿಂದೆ.