ಹತ್ತು ಹೆಜ್ಜೆ ನಡೆದರೆ ಸಾಕು

ವಾರಪತ್ರಿಕೆಯೊಂದರಲ್ಲಿ ಅವನು ಉಪಸಂಪಾದಕ. ಆರು ವರ್ಷಗಳಿಂದ ‘ಕಡಿಮೆ ಖರ್ಚಿನ ಪ್ರವಾಸ’ ಎಂಬ ಅಂಕಣವನ್ನು ‘ಅಲೆಮಾರಿ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ. ಬರೆಯುತ್ತಿದ್ದನೇ ಹೊರತು ಎಲ್ಲಿಗೂ ಹೋದವನಲ್ಲ. ಬಸ್ಸಿನಲ್ಲಿ ಎರಡು ಗಂಟೆ ಕೂತರೆ ಹೊಟ್ಟೆ ತೊಳೆಸುತ್ತಿತ್ತು. ಹೋಟೆಲಿನವರು ಕಳಿಸುವ ಕರಪತ್ರಗಳು, ಒಂದು ಹಳೆಯ ನಕಾಶೆ, ಮೇಲಿಷ್ಟು ಭಂಡಧೈರ್ಯ. ಅಂಕಣಕ್ಕೆ ಅಷ್ಟು ಸಾಕಾಗುತ್ತಿತ್ತು. ಅಲೆಮಾರಿ ಯಾರೆಂಬುದು ಹೆಂಡತಿಗೆ ಬಿಟ್ಟರೆ ಮನೆಯಲ್ಲಿ ಯಾರಿಗೂ ತಿಳಿಯದೆಂದು ನಂಬಿದ್ದ.

ಅವನ ಅತ್ತೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಬಂದರು ಇರುವ ಊರೊಂದನ್ನು ನೋಡಬೇಕೆಂದು ಹೊರಟರು. ಶಿಕ್ಷಕಿಯಾದ ಮಗಳಿಗೆ ಶಾಲೆಯ ಪರೀಕ್ಷೆಗಳ ಕೆಲಸ. ಹಾಗಾಗಿ ಜೊತೆಗೆ ಹೋಗುವ ಭಾಗ್ಯ ಅಳಿಯನದಾಯಿತು.

ಬಸ್ಸು ಹತ್ತುವ ಮೊದಲೇ ಅತ್ತೆ ಚೀಲದಿಂದ ಒಂದು ದಪ್ಪ ನೋಟುಪುಸ್ತಕ ತೆಗೆದರು. ಪುಟಪುಟಕ್ಕೂ ಅಲೆಮಾರಿಯ ಅಂಕಣ ಕತ್ತರಿಸಿ ಅಂಟಿಸಿದ್ದರು.

“ಅಳಿಯಂದ್ರೇ, ಈ ಮಹಾನುಭಾವರು ಹೇಳಿದ ಹಾಗೇ ಮಾಡೋಣ. ‘ದಪ್ಪ ಬಟ್ಟೆಗಳನ್ನು ಮೈಮೇಲೆ ಹಾಕಿಕೊಳ್ಳಿ, ಸಾಮಾನಿನ ಬಾಡಿಗೆ ಉಳಿಯುತ್ತದೆ’ ಅಂತ ಬರ್ದಿದಾರೆ. ಹಾಕ್ಕೊಳ್ಳಿ.”

ಎರಡು ಅಂಗಿ, ಒಂದು ಸ್ವೆಟರ್, ಮೇಲೊಂದು ಕೋಟು ತೊಟ್ಟು ಅವನು ಸುಡು ಬಿಸಿಲಿನಲ್ಲಿ ಐದು ಗಂಟೆ ಬೆಂದ. ಅತ್ತೆ ಕಿಟಕಿಯ ಪಕ್ಕ ಕೂತು ತಣ್ಣಗೆ ಗಾಳಿ ಕುಡಿದರು.

ಊರು ತಲುಪಿದ ಮೇಲೆ ಮತ್ತೊಂದು ಪುಟ ತೆರೆಯಿತು. ‘ಮೇಲಿನ ಮಹಡಿಯ, ಹಿಂಬದಿಯ ಕೋಣೆ ಕೇಳಿ. ಅಗ್ಗ, ಪ್ರಶಾಂತ.’ ಅಗ್ಗವೇನೋ ಆಗಿತ್ತು. ನಾಲ್ಕು ಮಹಡಿ ಹತ್ತಿ ಅವನು ಉಸ್ಸೆಂದು ಮಂಚದ ಮೇಲೆ ಬಿದ್ದನೋ ಇಲ್ಲವೋ, ಹಿಂದಿನ ಶಾಲೆಯ ಅಂಗಳದಲ್ಲಿ ಬ್ಯಾಂಡಿನ ಅಭ್ಯಾಸ ಶುರುವಾಯಿತು. ಸಂಜೆಯವರೆಗೂ ಒಂದೇ ರಾಗ, ಒಂದೇ ಕಡೆ ತಪ್ಪು.

“ಪ್ರಶಾಂತ ಅಂದ್ರೆ ಈ ಅಲೆಮಾರಿಯವರ ಕಡೆ ಹೀಗೇ ಇರ್ಬೇಕು,” ಎಂದರು ಅತ್ತೆ, ಕಿವಿಗೆ ಹತ್ತಿ ತುರುಕಿಕೊಳ್ಳುತ್ತಾ. ಹತ್ತಿಯನ್ನು ಅವರು ಮನೆಯಿಂದಲೇ ತಂದಿದ್ದರು.

ಮರುದಿನ ಪೇಟೆಯಲ್ಲಿ ಅತ್ತೆಗೆ ಒಂದು ನೀಲಿ ಕೊಡೆ ಹಿಡಿಸಿತು. ಅಂಗಡಿಯವನು ಬೆಲೆ ಇಳಿಸಲೊಲ್ಲ. ಅತ್ತೆ ಪುಟ ತೆರೆದು ಅಳಿಯನ ಕಿವಿಯಲ್ಲಿ ಓದಿದರು: “‘ಬೇಡವೆಂದು ಹೊರಟುಬಿಡಿ. ಹತ್ತು ಹೆಜ್ಜೆ ನಡೆದರೆ ಸಾಕು, ಅಂಗಡಿಯವನೇ ಕೂಗಿ ಕರೆಯುತ್ತಾನೆ.’ ನಡೀರಿ.”

“ನಾನಾ?”

“ಮತ್ತೆ? ನನಗೆ ಮಂಡಿನೋವು.”

ಅವನು ಹೊರಟ. ಹತ್ತು ಹೆಜ್ಜೆಯಾಯಿತು, ಯಾರೂ ಕರೆಯಲಿಲ್ಲ. ತಿರುಗಿ ನೋಡಿದರೆ ಮರ್ಯಾದೆ ಪ್ರಶ್ನೆ. ಇಪ್ಪತ್ತಾಯಿತು. ಔಷಧಿ ಅಂಗಡಿ ದಾಟಿದ, ಕ್ಷೌರದಂಗಡಿ ದಾಟಿದ. ಕೊನೆಗೆ ಮೂಲೆ ತಿರುಗಿ ಗೋಡೆಗೆ ಆತುಕೊಂಡು, ಮೇಷ್ಟ್ರಿಗೆ ಹೆದರಿದ ಹುಡುಗನಂತೆ ನಿಂತ.

ಕಾಲು ಗಂಟೆಯ ಮೇಲೆ ಅತ್ತೆ ನೀಲಿ ಕೊಡೆ ಬಿಡಿಸಿಕೊಂಡು ಬಂದರು.

“ಅರ್ಧ ಬೆಲೆಗೆ ಕೊಟ್ಟ!”

“ನಾನು ಹೋಗಿದ್ದಕ್ಕೇನಾ?” ಅವನ ಮುಖ ಅರಳಿತು.

“ಹೂಂ. ‘ಯಾಕಮ್ಮ, ಅವರು ಹೇಳದೆ ಕೇಳದೆ ಹೊರಟೇಹೋದರಲ್ಲ?’ ಅಂತ ಕೇಳಿದ. ‘ನಮ್ಮ ಅಳಿಯಂದಿರು, ಆಗಾಗ ಹೀಗಾಗುತ್ತೆ, ನಾನೇ ನೋಡ್ಕೋಬೇಕು’ ಅಂದೆ. ಪಾಪ, ಅವನ ಕಣ್ಣಲ್ಲಿ ನೀರೇ ಬಂತು.”

ಅವನಿಗೆ ಇನ್ನು ತಡೆಯಲಾಗಲಿಲ್ಲ. “ಅತ್ತೆ, ಆ ಪುಸ್ತಕ ಎತ್ತಿಡಿ. ಅದನ್ನ ಬರೆಯೋನು ನಾನೇ. ಎಲ್ಲಾ ಬುರುಡೆ. ನಾನು ಎಲ್ಲಿಗೂ ಹೋದವನೇ ಅಲ್ಲ.”

“ಗೊತ್ತು.”

“ಗೊತ್ತಾ? ಯಾವಾಗಿಂದ?”

“ಹೋದ ವರ್ಷದಿಂದ. ನಿಮ್ಮ ಮೇಜು ಒರೆಸೋವಾಗ ಕೈಬರಹದ ಹಾಳೆ ಸಿಕ್ತು.”

“ಗೊತ್ತಿದ್ದೂ ನನ್ನನ್ನೇ ಕರ್ಕೊಂಡು ಬಂದ್ರಾ?”

“ಬರೆದೋರೇ ಜೊತೇಲಿದ್ರೆ ಗೈಡ್ ಖರ್ಚು ಉಳಿಯುತ್ತಲ್ಲ!”

ಅವನಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ನಡುಬೀದಿಯಲ್ಲಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಧ್ಯಾಹ್ನ ಯಾವ ಪುಟವನ್ನೂ ತೆರೆಯದೆ, ಬಂದರಿನಿಂದ ಆಚೆ ದಡಕ್ಕೆ ಹೋಗುವ ದೊಡ್ಡ ದೋಣಿ ಹತ್ತಿದರು. ವಿಚಿತ್ರವೆಂದರೆ ನೀರಿನ ಮೇಲೆ ಅವನ ಹೊಟ್ಟೆ ತೊಳೆಸಲೇ ಇಲ್ಲ. ಕಟಕಟೆಗೆ ಒರಗಿ, ಹಾರುವ ಹಕ್ಕಿಗಳನ್ನು ನೋಡುತ್ತಾ ಮೈಮರೆತ. ಅತ್ತೆ ಬೆಲೆ ಕೇಳದೆಯೇ ಎರಡು ಚಹಾ ತಂದರು. ಆಚೆ ದಡ ಬಂದರೂ ಇಬ್ಬರೂ ಇಳಿಯಲಿಲ್ಲ, ಅದೇ ದೋಣಿಯಲ್ಲಿ ಮತ್ತೊಂದು ಸುತ್ತು ಹೊರಟರು.

“ಅಳಿಯಂದ್ರೇ, ಈ ದೋಣಿ ವಿಷಯ ಮಾತ್ರ ಬರೀಬೇಡಿ,” ಎಂದರು ಅತ್ತೆ. “ಎಲ್ರೂ ಬಂದ್ಬಿಟ್ರೆ ಮುಂದಿನ ಸಲ ನಮಗೆ ಕೂರೋಕೆ ಜಾಗ ಸಿಗಲ್ಲ.”