ಕೆಲಸ ಸೊನ್ನೆ

"ಏ ಮುದುಕಿ, ಕೊಡಾ ಇಳಸಬ್ಯಾಡ! ಹಂಗಽ ನಿಂದ್ರ. ಫೋಟೋ ಬಂದಿಲ್ಲ."

ತಲೆಯ ಮೇಲೊಂದು, ಬಗಲಲ್ಲೊಂದು ಕೊಡ ಹೊತ್ತ ಸುಂದ್ರವ್ವ ತನ್ನ ಗುಡಿಸಲ ಮುಂದೆ ಹಾಗೆಯೇ ನಿಂತಳು. ಆಕೆಗೆ ನಲವತ್ತಾರು. ಮುದುಕಿ ಎಂದ, ಕಾಲೇಜಿನ ಸೇವಾ ಶಿಬಿರಕ್ಕೆ ಬಂದಿದ್ದ ಭೌತಶಾಸ್ತ್ರದ ಮೇಷ್ಟ್ರು ಆಕೆಗಿಂತ ಹತ್ತು ವರ್ಷ ದೊಡ್ಡವನು.

ಫೋಟೋ ಮುಗಿದ ಮೇಲೆ ಮೇಷ್ಟ್ರು ವಿದ್ಯಾರ್ಥಿಗಳ ಕಡೆ ತಿರುಗಿದ. "ಹೊಳಿಯಿಂದ ಇಲ್ಲೀತನಾ ಒಂದೂವರಿ ಮೈಲು, ನೆಲಾ ಸಪಾಟ. ಈಕಿ ಕೊಡದ ಮ್ಯಾಲ ಎಷ್ಟ್ ಕೆಲಸಾ ಮಾಡ್ಯಾಳ?"

"ಸೊನ್ನೆ ಸರ್" ಎಂದಳು ಕಾಂಚನ ಎಂಬ ಹುಡುಗಿ.

"ಶಾಬಾಸ್!"

"ಸೊನ್ನಿ ಅಂದ್ರ?" ಸುಂದ್ರವ್ವ ಕೇಳಿದಳು.

"ಭಾರ ಕೆಳಗ ಎಳೀತೈತಿ, ನೀ ಮುಂದ ನಡದಿ. ಹಂಗಾಗಿ ನೀ ಏನೂ ಕೆಲಸಾ ಮಾಡಿಲ್ಲವ್ವ. ಶಾಸ್ತ್ರದ ಪ್ರಕಾರ."

"ಶಾಸ್ತ್ರಾ ಹೇಳಾವ್ರು ನಮ್ಮ ಮಂದೀಗಿ ಮದ್ಲಿಂದೂ ಹಂಗಽ ಹೇಳ್ಕೋತ ಬಂದಾರ, ಬಿಡ್ರಿ."

ಅಂಕಲಿ ಕಡೆಯ ಆ ಊರಿನ ಕೇರಿಗೂ ಪಂಚಾಯ್ತಿಯ ನಳವಿತ್ತು. ಅದರ ವಾಲ್ವು ಮಾತ್ರ ಮುರಗೆಪ್ಪ ಸಾವ್ಕಾರನ ಕಬ್ಬಿನ ಬದುವಿನಲ್ಲಿತ್ತು. ಕೇರಿಯವರು ರಸ್ತೆ ಪಕ್ಕ ಬಾಬಾಸಾಹೇಬರ ಹೆಸರಿನ ನೀಲಿ ಬೋರ್ಡು ನೆಟ್ಟ ವಾರವೇ ಅವನು ವಾಲ್ವು ಬಂದ್ ಮಾಡಿ ಅದರ ಮುಚ್ಚಳಕ್ಕೆ ಬೀಗ ಜಡಿದ. ಅದಾಗಿ ಹನ್ನೊಂದು ತಿಂಗಳು. ಈ ಸೇವಾ ಶಿಬಿರವನ್ನು ಊರಿಗೆ ಕರೆಸಿದವನೂ ಅವನೇ. ಕಾಲೇಜಿನ ಆಡಳಿತ ಮಂಡಳಿಯಲ್ಲಿ ಅವನದೊಂದು ಕುರ್ಚಿಯಿತ್ತು.

ಶಿಬಿರಾಧಿಕಾರಿ ಸಂಜಯ ಸರ್ ಬೆವರು ಒರೆಸಿಕೊಳ್ಳುತ್ತ ಬಂದರು. "ಏನ್ ಮಾಡೂದವ್ವ, ಮ್ಯಾಲಿಂದ ಆರ್ಡರ್ ಆಗೇತಿ. ಹ್ವಾದ ವರ್ಷದಂಗ ಬರೇ ಕಸಾ ಹೊಡದ್ರ ನಡಿಯೂದಿಲ್ಲ. ಒಂದೊಂದು ವಿಭಾಗಾನೂ ಸೇವಾಕ್ಕ ಜೋಡಸಬೇಕು. ಹುಡುಗ್ರಿಗಿ ಮಾರ್ಕ್ಸ್ ಐತಿ. ನಿನ್ನ ಮನಿ ರಸ್ತಾಕ ಹತ್ತೇತಿ, ಎಲ್ಲಾರೂ ಇಲ್ಲೇ ಬರ್ತಾರ."

ಬಂದರು. ರಸಾಯನಶಾಸ್ತ್ರದವರು ತಲೆಯ ಕೊಡದಿಂದ ಆರು ಬಾಟಲಿ ನೀರು ತುಂಬಿ ಚೀಟಿ ಅಂಟಿಸಿದರು. ಸಸ್ಯಶಾಸ್ತ್ರದವರು ಬಾಗಿಲೆದುರು ಬೇವಿನ ಸಸಿ ನೆಟ್ಟು, ಉಳಿದದ್ದನ್ನು ಅದರ ಬುಡಕ್ಕೆ ಸುರಿದು ಚಪ್ಪಾಳೆ ತಟ್ಟಿದರು. ಗೃಹವಿಜ್ಞಾನದ ಉಜ್ವಲಾ ಮೇಡಂ ಕೈ ತೊಳೆಯುವುದರಲ್ಲಿ ಏಳು ಹಂತಗಳಿವೆ ಎಂದರು; ಹಂತಕ್ಕೊಬ್ಬಳಂತೆ ಏಳು ಹುಡುಗಿಯರು ಬಗಲ ಕೊಡದ ನೀರಿನಲ್ಲಿ ತೊಳೆದು ತೋರಿಸಿದರು. ಎಂಟನೆಯವಳಾಗಿ ಸುಂದ್ರವ್ವನೇ ಮಾಡಿ ತೋರಿಸಬೇಕಿತ್ತು. ಕೊಡದಲ್ಲಿ ನೀರಿರಲಿಲ್ಲ.

"ಮನಿಯೊಳಗ ನೀರ ಕೂಡಸಿ ಇಟ್ಕೊಳ್ಳೂ ಚಟಾ ನಿಮಗ್ಯಾಕಿಲ್ಲ?" ಸಮಾಜಶಾಸ್ತ್ರದವನು ಫಾರ್ಮು ಹಿಡಿದು ಕೇಳಿದ.

ಸುಂದ್ರವ್ವ ಬರಿ ಕೊಡವನ್ನು ನೆಲಕ್ಕೆ ಕುಕ್ಕಿದಳು. "ಎದ್ದ ಹೋಗ್ರಿ, ಹಾಟ್ಯಾಗೋಳ್ರ್ಯಾ! ನಸಿಕಿನ್ಯಾಗ ಎದ್ದ ತಂದ ನೀರು! ನಿಮ್ಮ ಕೈ ಸೇದಿ ಹೋಗ್ಲಿ, ನಿಮ್ಮ ಕಲಿಕಿಗಿ ಹುಳಾ ಬೀಳ್ಲಿ!"

ಕನ್ನಡ ವಿಭಾಗದವರು ಓಡಿ ಬಂದರು. "ಅವ್ವಾ, ಸಾವಕಾಶ! ಇದು ಅಪ್ಪಟ ಜಾನಪದ. 'ಕೈ ಸೇದಿ' ಆದಮ್ಯಾಲ ಏನಂದ್ರಿ?"

ಸುಂದ್ರವ್ವ ಬರಿ ಕೊಡ ಎತ್ತಿಕೊಂಡು ಮತ್ತೆ ಹೊಳೆಯ ದಾರಿ ಹಿಡಿದಳು.

ಏಳನೆಯ ದಿನ ಶಾಲೆಯ ಬಯಲಿನಲ್ಲಿ ಸಮಾರೋಪ. ಮುರಗೆಪ್ಪನದೇ ಅಧ್ಯಕ್ಷತೆ. ಕೇರಿಯ ಹೆಂಗಸರನ್ನು ಕೊಡ ಹೊತ್ತು ಬರಲು ಹೇಳಿದ್ದರು. ಮೆರವಣಿಗೆಗೆ ಅಂದ ಬರುತ್ತದಂತೆ. ವಿಭಾಗಗಳು ಒಂದಾದ ಮೇಲೊಂದು ವರದಿ ಓದಿದವು. ಕೇರಿಯವರು ತರುವ ನೀರು ಕುಡಿಯಲು ಯೋಗ್ಯವಲ್ಲ, ಕರುಳಿನ ರೋಗ ಖಚಿತ ಎಂದರು ರಸಾಯನಶಾಸ್ತ್ರದವರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಮುರಗೆಪ್ಪ.

ಸುಂದ್ರವ್ವ ಎದ್ದು ನಿಂತಳು. "ಹೊಳಿ ನೀರ ಕುಡೀಬಾರ್ದು. ಬರೋಬರಿ. ನಳದ ನೀರಿಗಿ ಸಾವ್ಕಾರ ಕೀಲಿ ಹಾಕ್ಯಾನ. ಆ ಕೀಲಿ ಯಾರ ವಿಭಾಗಕ್ಕ ಬರ್ತೈತ್ರಿ?"

ವೇದಿಕೆಯ ಮೇಲೆ ಗುಸುಗುಸು ಆಯಿತು. ಬೀಗ ಲೋಹ, ಆದರೆ ಕರಗುವುದಿಲ್ಲ ಎಂದು ರಸಾಯನಶಾಸ್ತ್ರ ಹಿಂದೆ ಸರಿಯಿತು. ಫಾರ್ಮಿನಲ್ಲಿ ಅಂಥ ಕಾಲಮ್ಮಿಲ್ಲ ಎಂದಿತು ಸಮಾಜಶಾಸ್ತ್ರ. ಸಂಜಯ ಸರ್ ತಲೆ ತಗ್ಗಿಸಿದರು. "ಅದು ರಾಜ್ಯಶಾಸ್ತ್ರಕ್ಕ ಬರ್ತೈತವ್ವ. ಹುಡುಗ್ರು ಸೇರೂದಿಲ್ಲಂತ ಆ ವಿಭಾಗಾನ ಬಂದ್ ಮಾಡಿ ಎರಡ ವರ್ಷಾತು."

"ಕುಂಡ್ರ ಲೇ ಬೋಸಡಿ!" ಮುರಗೆಪ್ಪ ಮೈಕಿನಲ್ಲೇ ಗುಡುಗಿದ. "ಬೋರ್ಡ್ ನೆಡಾಕ ಧಮ್ ಇತ್ತಲ್ಲ, ಅದನ್ನ ನೆಕ್ಕರಿ. ನೀರ ಬರ್ತೈತಿ!"

ಯಾರೋ ಮೈಕು ಆರಿಸಿದರು. ಪ್ರಾಚಾರ್ಯರು ವಂದನಾರ್ಪಣೆಗೆ ಎದ್ದರು.

ಶ್ರಮದಾನದ ಗುದ್ದಲಿ, ಹಾರೆಗಳನ್ನು ವೇದಿಕೆಯ ಬದಿಗೆ ಹೂ ಏರಿಸಿ ಪೂಜೆಗೆ ಇಟ್ಟಿದ್ದರು. ಸುಂದ್ರವ್ವ ಹೋಗಿ ಒಂದು ಹಾರೆ ಎತ್ತಿದಳು. ಮಾಲೆ ಜಾರಿ ಬಿತ್ತು. ಆಕೆ ಬಯಲು ದಾಟಿ ಕಬ್ಬಿನ ಬದುವಿನತ್ತ ನಡೆದಳು. ಲಗಮವ್ವ, ತಾರವ್ವ, ಕೊಡ ಹೊತ್ತ ಉಳಿದ ಹೆಂಗಸರು ಹಿಂದೆ. ಇದೂ ಕಾರ್ಯಕ್ರಮದ್ದೇ ಎಂದುಕೊಂಡು ಬ್ಯಾಂಡಿನವರು ಬಾರಿಸುತ್ತ ಬಂದರು. ವಿದ್ಯಾರ್ಥಿಗಳು ನೋಟ್‌ಬುಕ್ಕು ಹಿಡಿದು ಓಡಿ ಬಂದರು.

ಮೊದಲ ಏಟಿಗೆ ಬೀಗ ಕದಲಲಿಲ್ಲ. ಅಂಗೈ ಸಿಡಿದು ರಕ್ತ ಬಂತು. ಬ್ಯಾಂಡು ನಿಂತಿತು. ಕಾಂಚನ ನೋಟ್‌ಬುಕ್ಕು ನೆಲಕ್ಕಿಟ್ಟು ಹಾರೆಯ ತುದಿ ಹಿಡಿದಳು. ಇಬ್ಬರೂ ಮೀಟಿದರು. ಕೊಂಡಿ ಕಳಚಿತು.

ವಾಲ್ವು ತಿರುಗಿಸಿದಾಗ ಕೇರಿಯ ಕಡೆಯ ನಳ ಕೆಮ್ಮಿತು. ಮೊದಲು ಗಾಳಿ, ಆಮೇಲೆ ಕೆಂಪು ತುಕ್ಕು, ಆಮೇಲೆ ನೀರು. ಹೆಂಗಸರು ಕೊಡ ಹಿಡಿದು ನಳದತ್ತ ಓಡಿದರು.

ಮುರಗೆಪ್ಪ ಫೋನು ಕಿವಿಗಿಟ್ಟು ಏದುಸಿರು ಬಿಡುತ್ತ ಬಂದ. "ಪೊಲೀಸ್ರಿಗಿ ಹಚ್ಚೇನಿ! ಒಳಗ ಹಾಕಸ್ತೇನಿ, ರಂಡೇರ್ನ!"

ಸುಂದ್ರವ್ವ ಹಾರೆ ಹಿಡಿದು ವಾಲ್ವಿನ ಮೇಲೆ ಕುಳಿತಳು.

"ಕರಿ. ಚಿಕ್ಕೋಡಿಯಿಂದ ಜೀಪ್ ಬರೂತನಾ ನಲವತ್ತ ಕೊಡಾ ತುಂಬ್ತಾವ" ಎಂದು ಕೇರಿಯ ಕಡೆ ಕೂಗಿದಳು. "ಲಗಮವ್ವಾ, ಯಾಕ್ ನಿಂತೀ? ಕೊಡಾ ಹಚ್ಚ!"