ಬೆನ್ನ ಹಿಂದಿನ ಚಪ್ಪಲಿ

ಕುರಿ ಮಾರಿ ಅಕ್ಕಲಕೋಟದಲ್ಲಿ ಕಂಬಳಿ ಅಂಗಡಿ ಇಟ್ಟ ಮೇಲೆ ಹಣಮಂತಪ್ಪ ಗಾದಿ ಬಿಟ್ಟು ಏಳುವುದೇ ಅಪರೂಪವಾಯಿತು. ಬಿಪಿ ಏರಿತು.

"ದಿನಾ ನಡೀರಿ ಅಂದಾರಲ್ರಿ ಡಾಕ್ಟರು," ಎಂದು ಹೆಂಡತಿ ಬೀರವ್ವ ಎಷ್ಟು ಬಡಿದುಕೊಂಡರೂ ಒಂದೇ ಉತ್ತರ: "ಹುಟ್ಟಿದಾಗಿಂದ ಕುರಿ ಹಿಂದ ನಡದೀನಿ. ಆ ನಡಿಗಿ ಸಾಯೂತನಾ ಸಾಲ್ತದ, ಸುಮ್ನಿರು."

ಅಮಾವಾಸ್ಯೆಯ ಬೆಳಿಗ್ಗೆ ಇಬ್ಬರೂ ಕುಲದೇವರು ಬೀರೋಬನ ಗುಡಿಯಿರುವ ದಿನ್ನೆ ಹತ್ತಿದರು. ಮದುವೆಯಾದಾಗಿನಿಂದ ಅವನು ಮುಂದೆ, ಅವಳು ಹಿಂದೆ. ಇವತ್ತು ಅರ್ಧ ದಾರಿಯಲ್ಲೇ ಅವಳು ಮುಂದಾಗಿದ್ದಳು. ಹಿಂದಿನಿಂದ ಅವನ ಏದುಸಿರು, ದಪ್ಪ ಚಪ್ಪಲಿಯ ಕಿರ್ ಕಿರ್ ಸದ್ದು ಕೇಳುತ್ತಿತ್ತು.

"ಸ್ವಲ್ಪ ಕೂಡ್ರಿ," ಎಂದಳು.

"ಗಾಳಿ ಇಲ್ಲ, ಅಷ್ಟ. ನೀ ನಡಿ."

ಮೊಂಡ ಮನುಷ್ಯ ಎಂದು ಬೈದುಕೊಳ್ಳುತ್ತ ಅವಳು ನಡೆದಳು. ಗುಡಿಯ ಬಾಗಿಲಲ್ಲಿ ಬೇವಿನ ಎಲೆಗಳು ಜೋರಾಗಿ ಅಲ್ಲಾಡುತ್ತಿದ್ದವು. ಗಾಳಿಗೇನೂ ಕೊರತೆಯಿರಲಿಲ್ಲ. ಚಪ್ಪಲಿಯ ಸದ್ದು ಮಾತ್ರ ನಿಂತಿತ್ತು. ಬೀರವ್ವನಿಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ.